ನೆಲ, ಹಣ, ಹೆಸರು: ರೋಮಿನ ಫ್ಲೇವಿಯನ್ ಅರಸರ ಕಟ್ಟಡಗಳನ್ನು ಓದುವ ಬಗೆ



ರೋಮ್ ನಗರದ ಕೊಲೋಸಿಯಂ ಚಿತ್ರವನ್ನು ನೋಡದವರು ನಿಮ್ಮಲ್ಲಿ ವಿರಳ. ಪಠ್ಯಪುಸ್ತಕದ ಪುಟದಲ್ಲೋ ದೂರದರ್ಶನದ ತೆರೆಯ ಮೇಲೋ, ಒಂದು ಬದಿ ಕುಸಿದಿರುವ ಆ ದೊಡ್ಡ ದುಂಡು ಗೋಡೆಯನ್ನು ನೀವು ಕಂಡೇ ಇರುತ್ತೀರಿ. ಅದರ ಎತ್ತರ ಎಷ್ಟು, ಅದರಲ್ಲಿ ಎಷ್ಟು ಜನ ಕೂರುತ್ತಿದ್ದರು ಎಂಬುದನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದವರೂ ಇರಬಹುದು. ಇವೆಲ್ಲ ತಿಳಿದಿರಬೇಕಾದ ಸಂಗತಿಗಳೇ. ಆದರೆ ಹಳೆಯ ಕಟ್ಟಡವೊಂದರ ಮುಂದೆ ನಿಂತಾಗ ಇತಿಹಾಸದ ವಿದ್ಯಾರ್ಥಿ ಕೇಳಬೇಕಾದ ಇನ್ನೂ ಮೂರು ಪ್ರಶ್ನೆಗಳಿವೆ. ಇದು ನಿಂತಿರುವ ನೆಲ ಮೊದಲು ಯಾರದಾಗಿತ್ತು? ಇದನ್ನು ಕಟ್ಟಲು ಹಣ ಎಲ್ಲಿಂದ ಬಂತು? ಇದರ ಮೇಲೆ ಯಾರ ಹೆಸರನ್ನು ಬರೆದರು?

ಈ ಮೂರು ಪ್ರಶ್ನೆಗಳನ್ನು ಕೈಯಲ್ಲಿ ಹಿಡಿದು ರೋಮಿನ ಒಂದು ಅರಸು ಮನೆತನದ ಕಟ್ಟಡಗಳನ್ನು ನೋಡೋಣ. ಅದು ಫ್ಲೇವಿಯನ್ ಮನೆತನ. ಕ್ರಿ.ಶ. 69ರಿಂದ 96ರವರೆಗೆ, ಕೇವಲ 27 ವರ್ಷ ಆಳಿದ ಮನೆತನ. ತಂದೆ ವೆಸ್ಪೇಸಿಯನ್, ಹಿರಿಯ ಮಗ ಟೈಟಸ್, ಕಿರಿಯ ಮಗ ಡೊಮಿಷಿಯನ್ – ಹೀಗೆ ಒಟ್ಟು ಮೂವರೇ ಚಕ್ರವರ್ತಿಗಳು. ಆದರೂ ಇವರು ಕಟ್ಟಿಸಿದ್ದು ಇಂದಿಗೂ ರೋಮಿನ ಗುರುತಾಗಿ ಉಳಿದಿದೆ. ಇಷ್ಟು ಅವಸರದಿಂದ, ಇಷ್ಟು ದೊಡ್ಡದಾಗಿ ಅವರು ಏಕೆ ಕಟ್ಟಿದರು?

ತೆರಿಗೆ ವಸೂಲಿಗಾರನ ಮಗ

ಇದಕ್ಕೆ ಉತ್ತರ ಅವರು ಅಧಿಕಾರಕ್ಕೆ ಬಂದ ರೀತಿಯಲ್ಲಿದೆ. ಅಲ್ಲಿಯವರೆಗೆ ರೋಮನ್ನು ಆಳಿದವರು ಆಗಸ್ಟಸನ ಮನೆತನದವರು. ಆ ಸಾಲಿನ ಕೊನೆಯವನಾದ ನೀರೋ ಕ್ರಿ.ಶ. 68ರ ಜೂನ್ ತಿಂಗಳಲ್ಲಿ ಆತ್ಮಹತ್ಯೆ ಮಾಡಿಕೊಂಡ. ಅವನಿಗೆ ಉತ್ತರಾಧಿಕಾರಿ ಇರಲಿಲ್ಲ. ಮುಂದಿನ ಒಂದೂವರೆ ವರ್ಷ ಸಾಮ್ರಾಜ್ಯಕ್ಕೆ ಅಂತರ್ಯುದ್ಧದ ಕಾಲ. ಗಾಲ್ಬಾ, ಓಥೋ, ವಿಟೆಲಿಯಸ್ ಒಬ್ಬರ ಹಿಂದೆ ಒಬ್ಬರು ಸಿಂಹಾಸನವೇರಿದರು, ಒಬ್ಬರ ಹಿಂದೆ ಒಬ್ಬರು ಸತ್ತರು. ಕ್ರಿ.ಶ. 69ನೆಯ ಇಸವಿಯನ್ನು ಇತಿಹಾಸಕಾರರು 'ನಾಲ್ವರು ಚಕ್ರವರ್ತಿಗಳ ವರ್ಷ' ಎಂದು ಕರೆಯುತ್ತಾರೆ. ಆ ನಾಲ್ಕನೆಯವನೇ ವೆಸ್ಪೇಸಿಯನ್.

ಆಗ ವೆಸ್ಪೇಸಿಯನ್ ರೋಮಿನಲ್ಲಿರಲಿಲ್ಲ. ಕ್ರಿ.ಶ. 66ರಲ್ಲಿ ದಂಗೆಯೆದ್ದಿದ್ದ ಜುಡೇಯಾ ಪ್ರಾಂತದ ಯೆಹೂದ್ಯರನ್ನು ಅಡಗಿಸಲು ಸೈನ್ಯದೊಡನೆ ಪೂರ್ವದಲ್ಲಿದ್ದ. ಕ್ರಿ.ಶ. 69ರ ಜುಲೈ 1ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿದ್ದ ಸೈನ್ಯ ಅವನನ್ನು ಚಕ್ರವರ್ತಿಯೆಂದು ಘೋಷಿಸಿತು. ಅವನ ಬಳಿ ಸೈನ್ಯವಿತ್ತು, ಅನುಭವವಿತ್ತು. ಇಲ್ಲದಿದ್ದುದು ವಂಶದ ಹೆಸರು. ರೋಮಿನ ಈಶಾನ್ಯಕ್ಕಿರುವ ಸಬೈನ್ ಗುಡ್ಡಗಾಡಿನ ಸಾಧಾರಣ ಕುಟುಂಬ ಅವನದು. ತಂದೆ ತೆರಿಗೆ ವಸೂಲಿ ಮಾಡುತ್ತಿದ್ದವನು, ಬಡ್ಡಿಗೆ ಸಾಲ ಕೊಡುತ್ತಿದ್ದವನು. ಆಗಸ್ಟಸನ ವಂಶದವರು ತಾವು ವೀನಸ್ ದೇವತೆಯ ಪೀಳಿಗೆಯೆಂದು ಹೇಳಿಕೊಳ್ಳುತ್ತಿದ್ದರು. ವೆಸ್ಪೇಸಿಯನ್ನನಿಗೆ ಹಾಗೆ ಹೇಳಿಕೊಳ್ಳಲು ಏನೂ ಇರಲಿಲ್ಲ.

ಆದ್ದರಿಂದ ಅವನ ಅಧಿಕಾರವನ್ನು ಕಾಯಿದೆಯ ಮೂಲಕ ಬರೆದು ಕೊಡಬೇಕಾಯಿತು. ಆ ಕಾಯಿದೆಯ ಕೊನೆಯ ಭಾಗವನ್ನು ಕೆತ್ತಿದ ಕಂಚಿನ ಫಲಕ ರೋಮಿನ ಕ್ಯಾಪಿಟೋಲೈನ್ ವಸ್ತುಸಂಗ್ರಹಾಲಯದಲ್ಲಿದೆ. ಆಗಸ್ಟಸ್, ಟೈಬೀರಿಯಸ್, ಕ್ಲಾಡಿಯಸ್ ಇವರಿಗಿದ್ದ ಅಧಿಕಾರಗಳು ವೆಸ್ಪೇಸಿಯನ್ನನಿಗೂ ಇರತಕ್ಕದ್ದು ಎಂಬುದು ಅದರ ಸಾರ. ಅದರಲ್ಲಿ ಯಾರ ಹೆಸರಿದೆ ಎಂಬುದಕ್ಕಿಂತ ಯಾರ ಹೆಸರಿಲ್ಲ ಎಂಬುದನ್ನು ಗಮನಿಸಿ. ಕಾಲಿಗುಲನ ಹೆಸರಿಲ್ಲ, ನೀರೋವಿನ ಹೆಸರಿಲ್ಲ. ಜನರು ದ್ವೇಷಿಸಿದ ಅರಸರನ್ನು ಪಟ್ಟಿಯಿಂದಲೇ ಬಿಟ್ಟಿದ್ದಾರೆ. ಒಳ್ಳೆಯವರ ಸಾಲಿಗೆ ಸೇರಿಕೊಳ್ಳುವುದು, ನೀರೋವಿನಿಂದ ದೂರ ನಿಲ್ಲುವುದು – ಇದೇ ಹೊಸ ಮನೆತನದ ರಾಜನೀತಿಯಾಯಿತು. ಮುಂದೆ ಶಿಲ್ಪಿಗಳೂ ವಾಸ್ತುಶಿಲ್ಪಿಗಳೂ ಮಾಡಿದ್ದು ಈ ನೀತಿಯನ್ನು ಕಲ್ಲಿಗೆ ಇಳಿಸುವ ಕೆಲಸವನ್ನೇ.

ಬೋಳು ತಲೆಯ ಚಕ್ರವರ್ತಿ

ಮೊದಲು ಮುಖವನ್ನೇ ನೋಡಿ. ನೀರೋವಿನ ಕೊನೆಯ ವರ್ಷಗಳ ಶಿಲ್ಪಗಳಲ್ಲಿ ಹಣೆಯ ಮೇಲೆ ಸಾಲಾಗಿ ಜೋಡಿಸಿದ ಗುಂಗುರು ಕೂದಲು, ತುಂಬಿದ ಕೆನ್ನೆ. ವೆಸ್ಪೇಸಿಯನ್ನನ ಶಿಲ್ಪಗಳಲ್ಲಿ ಬೋಳು ತಲೆ, ಸುಕ್ಕುಗಟ್ಟಿದ ಹಣೆ, ಬಿಗಿದ ತುಟಿ. 60 ವರ್ಷದ ಹಳೆಯ ಸೈನಿಕನೊಬ್ಬ ನಮ್ಮನ್ನು ನೋಡುತ್ತಿರುವಂತಿದೆ. ಶಿಲ್ಪಿಗೆ ಅವನನ್ನು ಸುಂದರನನ್ನಾಗಿ ಮಾಡಲು ಬಾರದೆ ಹೀಗಾಯಿತೆಂದು ತಿಳಿಯಬೇಡಿ. ವಯಸ್ಸಾದ, ಶ್ರಮಪಟ್ಟ ಮುಖವನ್ನು ಇದ್ದಂತೆಯೇ ಕೆತ್ತುವುದು ರೋಮಿನ ಹಳೆಯ ಗಣರಾಜ್ಯದ ಕಾಲದ ಪದ್ಧತಿ. 'ನಾನು ಹಾಡಿ ಕುಣಿಯುವ ಅರಸನಲ್ಲ, ದುಡಿಯುವ ಅರಸ' ಎಂದು ಆ ಮುಖವೇ ಹೇಳುತ್ತಿತ್ತು. ಎಷ್ಟೋ ಕಡೆ ನೀರೋವಿನ ಶಿಲ್ಪಗಳನ್ನೇ ಮತ್ತೆ ಕೆತ್ತಿ ವೆಸ್ಪೇಸಿಯನ್ನನ ಶಿಲ್ಪಗಳನ್ನಾಗಿ ಮಾಡಿದರು. ಅಮೃತಶಿಲೆಯೂ ಉಳಿಯಿತು, ಹಳೆಯ ಅರಸನೂ ಮಾಯವಾದ.

ನೀರೋವಿನ ಕಂಚಿನ ಮಹಾಮೂರ್ತಿಗೂ ಇದೇ ಗತಿಯಾಯಿತು. 30 ಮೀಟರಿಗೂ ಎತ್ತರವಾಗಿದ್ದ ಅದನ್ನು ವೆಸ್ಪೇಸಿಯನ್ ಸೂರ್ಯದೇವನ ಮೂರ್ತಿಯಾಗಿ ಬದಲಾಯಿಸಿದ. ಇಂಥ ಮಹಾಮೂರ್ತಿಯನ್ನು 'ಕೊಲೋಸಸ್' ಎನ್ನುತ್ತಿದ್ದರು. 'ಕೊಲೋಸಿಯಂ' ಎಂಬ ಹೆಸರು ಈ ಮೂರ್ತಿಯಿಂದಲೇ ಮಧ್ಯಯುಗದಲ್ಲಿ ಬಂದುದು ಎಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ನೀರೋವಿನ ನೆನಪನ್ನು ಅಳಿಸಲು ಕಟ್ಟಿದ ಕಟ್ಟಡವನ್ನು ಇಂದು ಜಗತ್ತು ಕರೆಯುವುದು ನೀರೋವಿನ ಮೂರ್ತಿಯಿಂದ ಬಂದ ಹೆಸರಿನಿಂದ!

ಕೆರೆಯಿದ್ದ ಜಾಗ

ಈಗ ನಮ್ಮ ಮೊದಲ ಪ್ರಶ್ನೆ: ನೆಲ ಯಾರದು? ಕ್ರಿ.ಶ. 64ರಲ್ಲಿ ರೋಮಿಗೆ ದೊಡ್ಡ ಬೆಂಕಿ ಬಿತ್ತು. ಸುಟ್ಟುಹೋದ ನಗರದ ನಟ್ಟನಡುವೆ ವಿಶಾಲವಾದ ಪ್ರದೇಶವನ್ನು ನೀರೋ ತನ್ನದಾಗಿಸಿಕೊಂಡು 'ಚಿನ್ನದ ಮನೆ' ಎಂಬ ಅರಮನೆಯನ್ನು ಕಟ್ಟಿಸಿದ. ಅದಕ್ಕೆ ಉದ್ಯಾನ, ತೋಪು, ನಡುವೆ ಕೃತಕ ಕೆರೆ. ಜನರ ವಾಸದ ನೆಲ ಒಬ್ಬನ ವಿಹಾರದ ನೆಲವಾಯಿತು.

ವೆಸ್ಪೇಸಿಯನ್ ಆ ಕೆರೆಯ ನೀರನ್ನು ಬಸಿದು ತೆಗೆಸಿ, ಅಲ್ಲಿಯೇ ಸಾರ್ವಜನಿಕ ಆಂಫಿಥಿಯೇಟರ್ ಕಟ್ಟಲು ಆರಂಭಿಸಿದ. ಆಂಫಿಥಿಯೇಟರ್ ಎಂದರೆ ನಡುವೆ ಅಂಗಳ, ಸುತ್ತಲೂ ಮೆಟ್ಟಿಲು ಮೆಟ್ಟಿಲಾಗಿ ಆಸನಗಳಿರುವ ಕ್ರೀಡಾಂಗಣ. ಇದಕ್ಕೆ ನಗರದ ಬೇರೆ ಯಾವ ಮೂಲೆಯನ್ನಾದರೂ ಆರಿಸಬಹುದಿತ್ತು. ಆದರೆ ಈ ಜಾಗದಲ್ಲಿ ಕಟ್ಟಿದಾಗ ಮಾತ್ರ 'ಒಬ್ಬ ಕಸಿದುಕೊಂಡದ್ದನ್ನು ನಾವು ಎಲ್ಲರಿಗೂ ಹಿಂದಿರುಗಿಸಿದೆವು' ಎಂಬ ಮಾತು ಹೇಳದೆಯೇ ತಿಳಿಯುತ್ತದೆ. ಆ ಕಾಲದ ಕವಿ ಮಾರ್ಷಲ್ ಟೈಟಸನನ್ನು ಹೊಗಳಿದ್ದೂ ಇದೇ ಧಾಟಿಯಲ್ಲಿ.

ಕಟ್ಟಡದ ರಚನೆಯನ್ನೂ ಸ್ವಲ್ಪ ನೋಡೋಣ. ವಿಜ್ಞಾನ ಓದಿದ ನನ್ನಂಥವರಿಗೆ ಇದನ್ನು ಬಿಟ್ಟು ಮುಂದೆ ಹೋಗಲು ಮನಸ್ಸಾಗದು. ಅದು ವೃತ್ತವಲ್ಲ, ದೀರ್ಘವೃತ್ತ. ಉದ್ದ ಸುಮಾರು 189 ಮೀಟರ್, ಅಗಲ 156 ಮೀಟರ್, ಎತ್ತರ 48 ಮೀಟರಿಗೂ ಹೆಚ್ಚು. ಹೊರಗೋಡೆಗೆ ಮೂರು ಅಂತಸ್ತು ಕಮಾನುಗಳು, ಅವುಗಳ ಮೇಲೆ ನಾಲ್ಕನೆಯ ಅಂತಸ್ತಿನ ಗೋಡೆ. ಕಮಾನಿನ ಮೇಲೆ ಬಿದ್ದ ಭಾರ ನೇರವಾಗಿ ಕೆಳಗಿಳಿಯುವುದಷ್ಟೇ ಅಲ್ಲ, ಪಕ್ಕಕ್ಕೂ ತಳ್ಳುತ್ತದೆ. ಒಂಟಿ ಕಮಾನಾದರೆ ಆ ತಳ್ಳುವಿಕೆಯನ್ನು ತಡೆಯಲು ದಪ್ಪ ಗೋಡೆ ಬೇಕು. ಕಮಾನುಗಳನ್ನು ಬಳೆಯಂತೆ ಸುತ್ತಲೂ ಜೋಡಿಸಿದರೆ ಒಂದರ ಒತ್ತಡಕ್ಕೆ ಪಕ್ಕದ್ದೇ ಆಸರೆ. ಹೊರಗೋಡೆಗೆ ಮತ್ತು ಮುಖ್ಯ ಕಂಬಗಳಿಗೆ ಟಿವೊಲಿಯ ಗಣಿಗಳ ಟ್ರಾವರ್ಟೈನ್ ಕಲ್ಲು. ಒಳಗೆ ಹಗುರವಾದ ಟಫ್ ಕಲ್ಲು, ಇಟ್ಟಿಗೆ ಮತ್ತು ಕಾಂಕ್ರೀಟು. ಸುಣ್ಣಕ್ಕೆ ಜ್ವಾಲಾಮುಖಿಯ ಬೂದಿಯನ್ನು ಬೆರೆಸಿ ತಯಾರಿಸಿದ ಈ ಕಾಂಕ್ರೀಟು ಇಲ್ಲದಿದ್ದರೆ ಅಷ್ಟು ದೊಡ್ಡ ಕಟ್ಟಡವನ್ನು ಸುಮಾರು 10 ವರ್ಷದೊಳಗೆ ಮುಗಿಸುವುದು ಸಾಧ್ಯವಾಗುತ್ತಿರಲಿಲ್ಲ.

ನೆಲಮಟ್ಟದಲ್ಲಿ 80 ಕಮಾನು ಬಾಗಿಲುಗಳು. ಅವುಗಳಲ್ಲಿ 76ಕ್ಕೆ ಸಂಖ್ಯೆ ಕೆತ್ತಿದ್ದರು. ಸಂಖ್ಯೆ ನೋಡಿ ಒಳಗೆ ಹೋದರೆ ಮೆಟ್ಟಿಲು ನಿಮ್ಮನ್ನು ನಿಮ್ಮ ಜಾಗಕ್ಕೇ ಮುಟ್ಟಿಸುತ್ತಿತ್ತು. ಸುಮಾರು 50,000 ಜನ ನೂಕುನುಗ್ಗಲಿಲ್ಲದೆ ಬಂದು ಹೋಗುವಂತೆ ಮಾಡಿದ ಏರ್ಪಾಡು ಇದು. ಆದರೆ 'ನಿಮ್ಮ ಜಾಗ' ಎಂಬುದನ್ನು ನೀವು ಆರಿಸುವಂತಿರಲಿಲ್ಲ. ಅಂಗಳಕ್ಕೆ ಹತ್ತಿರದಲ್ಲಿ ಸೆನೆಟ್ ಸದಸ್ಯರು, ಅವರ ಹಿಂದೆ ಶ್ರೀಮಂತ ವರ್ಗದವರು, ಅವರ ಮೇಲೆ ಸಾಮಾನ್ಯ ನಾಗರಿಕರು. ಎಲ್ಲಕ್ಕಿಂತ ಮೇಲೆ, ಎಲ್ಲರಿಗಿಂತ ದೂರದಲ್ಲಿ ಬಡವರು ಮತ್ತು ಹೆಂಗಸರು. ನೆಲವನ್ನು ಎಲ್ಲರಿಗೂ ಹಿಂದಿರುಗಿಸಿದರು, ನಿಜ. ಯಾರು ಎಲ್ಲಿ ಕೂರಬೇಕೆಂಬುದನ್ನೂ ಕಲ್ಲಿನಲ್ಲಿ ಕಟ್ಟಿಟ್ಟರು.

ಹಣ ಎಲ್ಲಿಂದ ಬಂತು?

ಎರಡನೆಯ ಪ್ರಶ್ನೆ ಕಷ್ಟದ್ದು. ಅಂತರ್ಯುದ್ಧ ಮುಗಿದಾಗ ಬೊಕ್ಕಸ ಬರಿದಾಗಿತ್ತು. ವೆಸ್ಪೇಸಿಯನ್ ತೆರಿಗೆಗಳನ್ನು ಹೆಚ್ಚಿಸಿದ. ಸಾರ್ವಜನಿಕ ಮೂತ್ರಾಲಯಗಳಿಂದ ಅಗಸರೂ ಚರ್ಮ ಹದಮಾಡುವವರೂ ಕೊಳ್ಳುತ್ತಿದ್ದ ಮೂತ್ರದ ಮೇಲೂ ತೆರಿಗೆ ಹಾಕಿದ. ಟೈಟಸ್ ಇದಕ್ಕೆ ಮೂಗು ಮುರಿದಾಗ, ತಂದೆ ಒಂದು ನಾಣ್ಯವನ್ನು ಅವನ ಮೂಗಿನ ಬಳಿ ಹಿಡಿದು ವಾಸನೆ ಬರುತ್ತದೆಯೇ ಎಂದು ಕೇಳಿದನಂತೆ. ಈ ಕಥೆ ಹೇಳುವವನು ರೋಮಿನ ಚರಿತ್ರಕಾರ ಸ್ಯುಟೋನಿಯಸ್.

ಅವನೇ ಹೇಳುವ ಇನ್ನೊಂದು ಪ್ರಸಂಗವೂ ಇದೆ. ಭಾರಿ ಕಂಬಗಳನ್ನು ಅಗ್ಗವಾಗಿ ಸಾಗಿಸುವ ಯಂತ್ರೋಪಾಯವನ್ನು ಒಬ್ಬ ತಂತ್ರಜ್ಞ ತಂದು ತೋರಿಸಿದ. ವೆಸ್ಪೇಸಿಯನ್ ಅವನಿಗೆ ಬಹುಮಾನ ಕೊಟ್ಟ, ಆದರೆ ಯಂತ್ರ ಬೇಡವೆಂದ. ಬಡಜನರ ಕೂಲಿ ತಪ್ಪುತ್ತದೆ, ಅವರ ಹೊಟ್ಟೆಗೆ ಬೇಕಲ್ಲ ಎಂಬುದು ಅವನ ಕಾರಣ. ನೀವು ಅರ್ಥಶಾಸ್ತ್ರ ಓದುವವರಾದರೆ ಈ ಪ್ರಸಂಗವನ್ನು ತರಗತಿಯಲ್ಲಿ ಚರ್ಚಿಸಿ. ಸರ್ಕಾರಿ ಕಟ್ಟಡದ ಕೆಲಸವೆಂದರೆ ಕೂಲಿಯನ್ನು ಹಂಚುವ ದಾರಿಯೂ ಹೌದು ಎಂಬುದನ್ನು ಆ ಹಳೆಯ ಸೈನಿಕ ಬಲ್ಲವನಾಗಿದ್ದ.

ಆದರೆ ತೆರಿಗೆಯೊಂದರಿಂದಲೇ ಕೊಲೋಸಿಯಂ ಏಳಲಿಲ್ಲ. ಕ್ರಿ.ಶ. 70ರಲ್ಲಿ ಟೈಟಸ್ ಜೆರೂಸಲೇಮನ್ನು ತಿಂಗಳುಗಟ್ಟಲೆ ಮುತ್ತಿಗೆ ಹಾಕಿ ಹಿಡಿದ. ಯೆಹೂದ್ಯರ ಮಹಾದೇವಾಲಯ ಸುಟ್ಟು ನೆಲಸಮವಾಯಿತು. ಅದರ ಭಂಡಾರ ರೋಮಿಗೆ ಬಂತು. ಆ ಯುದ್ಧದಲ್ಲಿ ಸೆರೆಯಾದವರು 97,000 ಮಂದಿ ಎಂದು ಜೋಸೀಫಸ್ ಬರೆದಿದ್ದಾನೆ. ಅವರಲ್ಲಿ ಅನೇಕರನ್ನು ಗಣಿಗಳ ದುಡಿಮೆಗೆ ಕಳಿಸಿದರು, ಅನೇಕರನ್ನು ಗುಲಾಮರಾಗಿ ಮಾರಿದರು, ಅನೇಕರು ಊರೂರಿನ ಅಖಾಡಗಳಲ್ಲಿ ಸತ್ತರು. ಈ ಜೋಸೀಫಸ್ ಯಾರೆಂಬುದನ್ನೂ ತಿಳಿಯಬೇಕು. ಅವನು ಮೊದಲು ರೋಮಿನ ವಿರುದ್ಧ ಹೋರಾಡಿದ ಯೆಹೂದ್ಯ ನಾಯಕ. ಸೆರೆಯಾದ ಮೇಲೆ ಫ್ಲೇವಿಯನ್ನರ ಆಶ್ರಯ ಪಡೆದು, ಅವರ ಮನೆತನದ ಹೆಸರನ್ನೇ ತನ್ನ ಹೆಸರಿಗೆ ಸೇರಿಸಿಕೊಂಡು, ರೋಮಿನಲ್ಲಿ ಕುಳಿತು ಚರಿತ್ರೆ ಬರೆದವನು. ಅವನ ಲೆಕ್ಕವನ್ನೂ ಅವನ ಮಾತನ್ನೂ ಎಚ್ಚರದಿಂದ ಓದಬೇಕಾದ ಕಾರಣ ಇದೇ.

ಕೊಲೋಸಿಯಂಗೂ ಈ ಕೊಳ್ಳೆಗೂ ನಂಟಿದೆಯೆಂಬುದಕ್ಕೆ ಕುತೂಹಲಕರವಾದ ಆಧಾರ ಸಿಕ್ಕಿದೆ. ಅಲ್ಲಿರುವ ಕಲ್ಲೊಂದರ ಮೇಲೆ 5ನೆಯ ಶತಮಾನದ ಶಾಸನವಿದೆ. ಅದರ ಅಕ್ಷರಗಳ ನಡುವೆ ಅರ್ಥವಾಗದ ಸಣ್ಣ ಸಣ್ಣ ರಂಧ್ರಗಳು. ಮೊದಲು ಅದೇ ಕಲ್ಲಿನ ಮೇಲೆ ಕೂಡಿಸಿದ್ದ ಕಂಚಿನ ಅಕ್ಷರಗಳ ಮೊಳೆಗಳ ರಂಧ್ರಗಳು ಅವು. 1995ರಲ್ಲಿ ಶಾಸನತಜ್ಞ ಗೇಜಾ ಆಲ್ಫೋಲ್ಡಿ ಆ ರಂಧ್ರಗಳ ಸ್ಥಾನಗಳಿಂದಲೇ ಮಾಯವಾದ ಅಕ್ಷರಗಳನ್ನು ಊಹಿಸಿ ಓದಿದ: ಚಕ್ರವರ್ತಿಯು ಈ ಹೊಸ ಆಂಫಿಥಿಯೇಟರನ್ನು ಯುದ್ಧದ ಕೊಳ್ಳೆಯ ಹಣದಿಂದ ಕಟ್ಟಿಸಿದನು ಎಂದು. ಇದು ಪುನಾರಚನೆ ಎಂಬುದು ನೆನಪಿರಲಿ. ಆದರೂ ಬಹಳ ಮಂದಿ ವಿದ್ವಾಂಸರು ಇದನ್ನು ಒಪ್ಪಿದ್ದಾರೆ.

ಇಷ್ಟಕ್ಕೇ ಮುಗಿಯಲಿಲ್ಲ. ಯೆಹೂದ್ಯರು ಪ್ರತಿ ವರ್ಷ ತಮ್ಮ ದೇವಾಲಯಕ್ಕೆ ಕಾಣಿಕೆ ಕೊಡುತ್ತಿದ್ದರು. ದೇವಾಲಯ ಬಿದ್ದ ಮೇಲೆ, ವರ್ಷಕ್ಕೆ ಎರಡು ದ್ರಾಕ್ಮದಂತೆ ಆ ಹಣವನ್ನು ರೋಮಿನ ಜ್ಯೂಪಿಟರ್ ದೇವಾಲಯಕ್ಕಾಗಿ ತೆರಬೇಕೆಂದು ವೆಸ್ಪೇಸಿಯನ್ ಆಜ್ಞೆ ಮಾಡಿದ. ಆ ದೇವಾಲಯ ಕ್ರಿ.ಶ. 69ರ ಕಾಳಗದಲ್ಲಿ ಸುಟ್ಟುಹೋಗಿತ್ತು. ಅದನ್ನು ಮತ್ತೆ ಕಟ್ಟುವಾಗ ಮೊದಲ ಬುಟ್ಟಿ ಮಣ್ಣನ್ನು ಚಕ್ರವರ್ತಿಯೇ ಹೊತ್ತನೆಂದು ಸ್ಯುಟೋನಿಯಸ್ ಹೊಗಳಿದ್ದಾನೆ. ಬುಟ್ಟಿ ಹೊತ್ತದ್ದು ಒಂದು ದಿನದ ಕೆಲಸ; ತೆರಿಗೆ ತೆತ್ತವರು ತಲೆಮಾರುಗಟ್ಟಲೆ ತೆತ್ತರು.

ಕ್ರಿ.ಶ. 75ರಲ್ಲಿ ವೆಸ್ಪೇಸಿಯನ್ 'ಶಾಂತಿಯ ದೇವಾಲಯ'ವನ್ನು ಪ್ರತಿಷ್ಠಾಪಿಸಿದ. ಹೂದೋಟ, ಗ್ರಂಥಾಲಯ, ಸುತ್ತಲೂ ಕಂಬಸಾಲು. ನೀರೋ ತನ್ನ ಮನೆಯಲ್ಲಿ ಕೂಡಿಹಾಕಿದ್ದ ಗ್ರೀಕ್ ಶಿಲ್ಪಗಳನ್ನು ಇಲ್ಲಿ ಸಾರ್ವಜನಿಕರ ಮುಂದಿಟ್ಟರು. ಜೆರೂಸಲೇಮಿನಿಂದ ತಂದ ಚಿನ್ನದ ಪಾತ್ರೆಗಳನ್ನೂ ಇಲ್ಲಿಯೇ ಇಟ್ಟರು. ಗೆದ್ದವರಿಗೆ ಅದು ಶಾಂತಿಯೇ. ಆ ಪಾತ್ರೆಗಳು ಯಾರವೋ ಅವರಿಗೆ?

ಟೈಟಸನ ಕಮಾನು

ಕ್ರಿ.ಶ. 79ರಲ್ಲಿ ವೆಸ್ಪೇಸಿಯನ್ ತೀರಿಕೊಂಡ. ಅದೇ ವರ್ಷ ವೆಸೂವಿಯಸ್ ಸಿಡಿದು ಪಾಂಪೇ ನಗರ ಬೂದಿಯಲ್ಲಿ ಹೂತುಹೋಯಿತು. ಟೈಟಸ್ ಕ್ರಿ.ಶ. 80ರಲ್ಲಿ ಕೊಲೋಸಿಯಂ ಅನ್ನು ನೂರು ದಿನಗಳ ಆಟಗಳೊಡನೆ ಉದ್ಘಾಟಿಸಿದ. ಆ ದಿನಗಳಲ್ಲಿ 9,000 ಪ್ರಾಣಿಗಳನ್ನು ಕೊಂದರೆಂದು ಡಿಯೋ ಎಂಬ ಚರಿತ್ರಕಾರ ಬರೆದಿದ್ದಾನೆ. ಮರುವರ್ಷವೇ ಟೈಟಸ್ ಸತ್ತ. ಅವನ ನೆನಪಿಗಾಗಿ ಡೊಮಿಷಿಯನ್ನನ ಕಾಲದಲ್ಲಿ ಎದ್ದ ಕಮಾನು ಇಂದಿಗೂ ಕೊಲೋಸಿಯಂನ ಹತ್ತಿರ ನಿಂತಿದೆ.

ಆ ಕಮಾನಿನ ಒಳಬದಿಗಳಲ್ಲಿ ಎರಡು ಉಬ್ಬುಶಿಲ್ಪಗಳಿವೆ. ಒಂದರಲ್ಲಿ ಟೈಟಸ್ ರಥದಲ್ಲಿ ನಿಂತಿದ್ದಾನೆ, ವಿಜಯದೇವತೆ ಅವನ ತಲೆಗೆ ಕಿರೀಟ ಹಿಡಿದಿದ್ದಾಳೆ. ಇನ್ನೊಂದರಲ್ಲಿ ಕ್ರಿ.ಶ. 71ರ ವಿಜಯದ ಮೆರವಣಿಗೆ: ಜೆರೂಸಲೇಮ್ ದೇವಾಲಯದ ಏಳು ಕವಲಿನ ದೀಪಸ್ತಂಭ, ಬೆಳ್ಳಿಯ ತುತ್ತೂರಿಗಳು, ಪವಿತ್ರ ಮೇಜು – ಇವನ್ನು ಹೆಗಲ ಮೇಲೆ ಹೊತ್ತು ನಡೆಯುತ್ತಿರುವ ಜನ. ಕ್ಯಾಮೆರಾ ಎಲ್ಲಿಡಬೇಕು ಎಂದು ದಿನವೂ ತಲೆಕೆಡಿಸಿಕೊಳ್ಳುವ ನಮ್ಮ ವೃತ್ತಿಯವರಿಗೆ ಈ ಶಿಲ್ಪ ಒಂದು ಪಾಠ. ಮುಂದಿನ ಆಳುಗಳನ್ನು ಕಲ್ಲಿನಿಂದ ಹೊರಕ್ಕೆ ಬರುವಷ್ಟು ಎತ್ತರವಾಗಿ ಕೆತ್ತಿ, ಹಿಂದಿನವರನ್ನು ತೆಳುವಾಗಿ ಕೆತ್ತಿದ್ದಾರೆ. ಬಲತುದಿಯಲ್ಲಿ ಓರೆಯಾಗಿ ನಿಂತ ಹೆಬ್ಬಾಗಿಲಿನೊಳಕ್ಕೆ ಮೆರವಣಿಗೆ ತಿರುಗಿ ಹೋಗುತ್ತಿರುವಂತೆ ಕಾಣುತ್ತದೆ. ಕಮಾನಿನಡಿ ನಡೆಯುವ ನೀವೂ ಆ ಮೆರವಣಿಗೆಯಲ್ಲಿ ಸೇರಿಬಿಡುತ್ತೀರಿ. 2012ರಲ್ಲಿ ನಡೆದ ಪರೀಕ್ಷೆಯಲ್ಲಿ ದೀಪಸ್ತಂಭದ ಮೇಲೆ ಹಳದಿ ಬಣ್ಣದ ಕುರುಹು ಸಿಕ್ಕಿತು. ಇಂದು ಬರಿಯ ಕಲ್ಲಾಗಿ ಕಾಣುವ ಅದು ಅಂದು ಚಿನ್ನದಂತೆ ಹೊಳೆಯುತ್ತಿತ್ತು.

ಟೈಟಸನಿಗೆ ರೋಮಿನಲ್ಲಿ ಇನ್ನೊಂದು ಕಮಾನೂ ಇತ್ತು. ಅದು ಬಿದ್ದುಹೋಗಿದೆ, ಆದರೆ ಅದರ ಶಾಸನದ ನಕಲು ಮಧ್ಯಯುಗದ ಹಸ್ತಪ್ರತಿಯೊಂದರಲ್ಲಿ ಉಳಿದಿದೆ. ಟೈಟಸನಿಗೆ ಮೊದಲು ಯಾವ ಸೇನಾಪತಿಯೂ ಯಾವ ಅರಸನೂ ಜೆರೂಸಲೇಮನ್ನು ಗೆದ್ದಿರಲಿಲ್ಲವೆಂದು ಅದು ಸಾರುತ್ತದೆ. ಇದು ಸುಳ್ಳು. ಕ್ರಿ.ಪೂ. 63ರಲ್ಲಿ ರೋಮಿನವನೇ ಆದ ಪಾಂಪೆಯು ಅದನ್ನು ಗೆದ್ದಿದ್ದ. ಶಾಸನ ಕಲ್ಲಿನಲ್ಲಿದೆ ಎಂದ ಮಾತ್ರಕ್ಕೆ ಅದು ಸತ್ಯವಾಗದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ಶಿಲ್ಪದ ಅರ್ಥವೂ ಕೆತ್ತಿಸಿದವನ ಕೈಯಲ್ಲೇ ಉಳಿಯುವುದಿಲ್ಲ. ಸೋತವರ ಅವಮಾನವನ್ನು ತೋರಿಸಲು ಕೆತ್ತಿದ ಆ ದೀಪಸ್ತಂಭದ ರೂಪವನ್ನೇ 1949ರಲ್ಲಿ ಇಸ್ರೇಲ್ ತನ್ನ ರಾಷ್ಟ್ರಲಾಂಛನಕ್ಕೆ ತೆಗೆದುಕೊಂಡಿತು.

ಅಳಿಸಿದ ಹೆಸರು

ಇನ್ನು ಮೂರನೆಯ ಪ್ರಶ್ನೆ: ಹೆಸರು ಯಾರದು? ಕ್ರಿ.ಶ. 81ರಿಂದ 96ರವರೆಗೆ ಆಳಿದ ಡೊಮಿಷಿಯನ್ ತಂದೆ, ಅಣ್ಣ ಇಬ್ಬರಿಗಿಂತಲೂ ಹೆಚ್ಚು ಕಟ್ಟಿಸಿದ. ರೋಮಿನ ಇಂದಿನ ಪಿಯಾಜ್ಜಾ ನವೋನಾ ಚೌಕ ಉದ್ದುದ್ದವಾಗಿ ಇರುವುದು ಏಕೆಂದರೆ ಅದರಡಿ ಇರುವುದು ಡೊಮಿಷಿಯನ್ನನ ಓಟದ ಕ್ರೀಡಾಂಗಣ. ಪ್ಯಾಲಟೈನ್ ಗುಡ್ಡದ ಮೇಲೆ ವಾಸ್ತುಶಿಲ್ಪಿ ರಬೀರಿಯಸ್ ಅವನಿಗಾಗಿ ಭಾರಿ ಅರಮನೆ ಕಟ್ಟಿದ, ಕ್ರಿ.ಶ. 92ರ ಹೊತ್ತಿಗೆ ಅದು ಮುಗಿಯಿತು. ತಂದೆ ನೀರೋವಿನ ಅರಮನೆಯ ಕೆರೆಯನ್ನು ಬಸಿದು ಜನರಿಗೆ ಬಿಟ್ಟ. ಮಗ ಮತ್ತೆ ಗುಡ್ಡವನ್ನೇರಿ ಅರಮನೆಯಲ್ಲಿ ಕುಳಿತ. ಬೆನ್ನ ಹಿಂದೆ ಯಾರು ಬರುತ್ತಾರೆಂದು ಕಾಣುವಂತೆ ಅವನು ನಡೆದಾಡುವ ಮೊಗಸಾಲೆಯ ಗೋಡೆಗಳಿಗೆ ಕನ್ನಡಿಯಂತೆ ಹೊಳೆಯುವ ಕಲ್ಲನ್ನು ಹಾಕಿಸಿದ್ದನೆಂದು ಸ್ಯುಟೋನಿಯಸ್ ಹೇಳುತ್ತಾನೆ. ಅಧಿಕಾರಕ್ಕೆ ಭಯ ಹಿಡಿದಾಗ ವಾಸ್ತುಶಿಲ್ಪವೂ ಬದಲಾಗುತ್ತದೆ.

ಇಲ್ಲಿ ನಮ್ಮ ನಾಡಿನ ಕಡೆಗೂ ಒಂದು ಎಳೆ ಹರಿದು ಬರುತ್ತದೆ. ಡೊಮಿಷಿಯನ್ ಕಟ್ಟಿಸಿದವುಗಳಲ್ಲಿ ಕರಿಮೆಣಸಿನ ಉಗ್ರಾಣಗಳೂ ಇದ್ದವು. ಆ ಮೆಣಸು ಹೋಗುತ್ತಿದ್ದುದು ಭಾರತದ ಪಶ್ಚಿಮ ಕರಾವಳಿಯಿಂದ. ವೆಸ್ಪೇಸಿಯನ್ನನ ಅಧಿಕಾರಿಯಾಗಿದ್ದು, ತನ್ನ ವಿಶ್ವಕೋಶವನ್ನು ಟೈಟಸನಿಗೆ ಅರ್ಪಿಸಿದ ಪ್ಲಿನಿ, ಭಾರತದ ವ್ಯಾಪಾರಕ್ಕೆ ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ ಹಣ ಹರಿದುಹೋಗುತ್ತಿದೆಯೆಂದು ಹಲುಬಿದ. ನಮ್ಮ ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ಸಿಕ್ಕ ರೋಮನ್ ಬೆಳ್ಳಿ ನಾಣ್ಯಗಳು ಫ್ಲೇವಿಯನ್ನರಿಗಿಂತ ಹಿಂದಿನ ಆಗಸ್ಟಸ್, ಟೈಬೀರಿಯಸರ ಕಾಲದವು. ಆದರೆ ಹಣ ಹರಿದ ದಿಕ್ಕು ಅದೇ.

ಸೆನೆಟ್ ಸದಸ್ಯರನ್ನು ಡೊಮಿಷಿಯನ್ ನಡೆಸಿಕೊಂಡ ರೀತಿಯಿಂದ ಅವನಿಗೆ ಶತ್ರುಗಳು ಹೆಚ್ಚಿದರು. ಕ್ರಿ.ಶ. 96ರ ಸೆಪ್ಟೆಂಬರ್ 18ರಂದು ಅರಮನೆಯಲ್ಲೇ ಅವನ ಕೊಲೆಯಾಯಿತು. ಸೆನೆಟ್ ಸಭೆ ಏಣಿಗಳನ್ನು ತರಿಸಿ ಅವನ ಪ್ರತಿಮೆಗಳನ್ನು ಕೆಳಗುರುಳಿಸಿತು. ಶಾಸನಗಳಿಂದ ಅವನ ಹೆಸರನ್ನು ಕೆತ್ತಿ ತೆಗೆಯಬೇಕೆಂದು ಆಜ್ಞೆ ಹೊರಡಿಸಿತು. ಅವನು ಕಟ್ಟಿಸಿದ ಹೊಸ ಸಭಾಚೌಕವನ್ನು ಮುಂದಿನ ಚಕ್ರವರ್ತಿ ನೆರ್ವಾ ಕ್ರಿ.ಶ. 97ರಲ್ಲಿ ತನ್ನ ಹೆಸರಿನಲ್ಲಿ ಪ್ರತಿಷ್ಠಾಪಿಸಿದ. 1930ರ ದಶಕದ ಕೊನೆಯಲ್ಲಿ ರೋಮಿನ ಕ್ಯಾಂಚೆಲೆರಿಯಾ ಎಂಬ ಅರಮನೆಯ ಅಡಿಯಲ್ಲಿ ಅಮೃತಶಿಲೆಯ ಉಬ್ಬುಶಿಲ್ಪಗಳು ದೊರೆತವು. ಅವು ಈಗ ವ್ಯಾಟಿಕನ್ ವಸ್ತುಸಂಗ್ರಹಾಲಯದಲ್ಲಿವೆ. ಒಂದರಲ್ಲಿ ಪ್ರಯಾಣ ಹೊರಟ ಚಕ್ರವರ್ತಿಯ ಮೈ ಡೊಮಿಷಿಯನ್ನನದು, ಮುಖ ನೆರ್ವಾನದು. ಹಳೆಯ ತಲೆಯನ್ನೇ ಕೆತ್ತಿ ಹೊಸ ತಲೆ ಮಾಡಿದ್ದರಿಂದ ಅದು ಮೈಗೆ ಹೋಲಿಸಿದರೆ ಚಿಕ್ಕದು.

ನೆನಪಿದೆಯೇ? ಈ ಮನೆತನದ ಕಥೆ ಆರಂಭವಾದದ್ದು ನೀರೋವಿನ ಮುಖವನ್ನು ಕೆತ್ತಿ ತೆಗೆದು ವೆಸ್ಪೇಸಿಯನ್ನನ ಮುಖ ಮಾಡುವುದರಿಂದ. 27 ವರ್ಷಗಳ ಬಳಿಕ ಅದೇ ಉಳಿ ಈ ಮನೆತನದ ಕೊನೆಯವನ ಮುಖದ ಮೇಲೆ ಬಿತ್ತು.

ವಿದ್ಯಾರ್ಥಿಗಳೇ, ಇಷ್ಟನ್ನು ಓದಿದ ಮೇಲೆ ಕೊಲೋಸಿಯಂ ಕೆಟ್ಟದ್ದೆಂದು ನೀವು ತೀರ್ಮಾನಿಸಬೇಕಾಗಿಲ್ಲ. ಅದರ ಕಮಾನುಗಳ ಜಾಣ್ಮೆ ನಿಜ. ಟೈಟಸನ ಕಮಾನಿನ ಶಿಲ್ಪಿಯ ಕೈಚಳಕ ನಿಜ. ಜೆರೂಸಲೇಮಿನ ಸೆರೆಯಾಳುಗಳೂ ಅಷ್ಟೇ ನಿಜ. ಮೊದಲಿನವನ್ನು ನೋಡಲು ಕಣ್ಣು ಸಾಕು. ಸೆರೆಯಾಳುಗಳನ್ನು ಕಾಣಬೇಕಾದರೆ ಪ್ರಶ್ನೆ ಕೇಳಬೇಕು, ಏಕೆಂದರೆ ಅವರ ಹೆಸರನ್ನು ಯಾರೂ ಯಾವ ಕಲ್ಲಿನ ಮೇಲೂ ಬರೆಯಲಿಲ್ಲ. ಇನ್ನು ಮುಂದೆ ಯಾವುದೇ ಊರಿನಲ್ಲಿ ದೊಡ್ಡ ಕಟ್ಟಡದ ಮುಂದೆ ನಿಂತಾಗ, ಅದರ ಉದ್ದ ಅಗಲಗಳನ್ನು ಬರೆದುಕೊಂಡ ಮೇಲೆ, ಟಿಪ್ಪಣಿ ಪುಸ್ತಕದಲ್ಲಿ ಮೂರು ಸಾಲು ಖಾಲಿ ಬಿಡಿ: ನೆಲ, ಹಣ, ಹೆಸರು. ಆ ಸಾಲುಗಳನ್ನು ತುಂಬಿಸಲು ಹೊರಟಾಗಲೇ ಇತಿಹಾಸದ ಓದು ಆರಂಭವಾಗುತ್ತದೆ.